ಮಿಷನ್ ಮೇಲೊಂದು ಗೇಣುದ್ದದ ದೀಪ

ಅರಕು ಬಣ್ಣದ ರೇಷ್ಮೆ ಬ್ಲೌಸಿಗೆ ಅರಕು ದಾರದಲ್ಲೇ ಹೆಮ್ಮಿಂಗ್ ಮಾಡಬೇಕು. ಅದೂ ಸಂಜೆ ಏಳರ ಮೇಲೆ. ಟೈಲರಿಂಗ್ ಮಾಡುವ ಯಾರನ್ನಾದರೂ ಕೇಳಿ, ಇದಕ್ಕಿಂತ ತಲೆನೋವಿನ ಕೆಲಸ ಇನ್ನೊಂದಿಲ್ಲ ಅಂತಾರೆ. ಸೂಜಿ ಎಲ್ಲಿ ಇಳಿಯಿತು, ಎಲ್ಲಿ ಎದ್ದಿತು ಅನ್ನುವುದೇ ಕಾಣುವುದಿಲ್ಲ. ಗೋಡೆಯ ಮೇಲೆ 20 ವ್ಯಾಟಿನ ಟ್ಯೂಬ್‌ಲೈಟ್ ಝಗಝಗ ಉರಿಯುತ್ತಲೇ ಇರುತ್ತದೆ. ಆದರೆ ನಾವು ಬಗ್ಗಿ ಕೂತ ತಕ್ಷಣ ನಮ್ಮ ತಲೆಯ ನೆರಳೇ ಬಟ್ಟೆಯ ಮೇಲೆ ಬಂದು ಕೂರುತ್ತದೆ.

ನಾನು ಚಿಕ್ಕಬಳ್ಳಾಪುರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಕುಚ್ಚು ಕಟ್ಟುತ್ತೇನೆ, ಸೀಸನ್ನಿನಲ್ಲಿ ಆರಿ ವರ್ಕೂ ಮಾಡುತ್ತೇನೆ. ಮದುವೆಗೆ ಮುಂಚೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೆ. ಓದಿದ್ದು ಉಪಯೋಗಕ್ಕೆ ಬರಲಿಲ್ಲ ಅಂತ ನೆಂಟರು ಈಗಲೂ ಲೊಚಗುಟ್ಟುತ್ತಾರೆ. ನನ್ನ ಮಿಷನ್ ಮೇಲಿರುವ ದೀಪ ಅವರು ನೋಡಿಲ್ಲ, ಅಷ್ಟೇ.

ಬೆಳಕು ಸಾಲದು ಅನ್ನಿಸಿದರೆ ಎಲ್ಲರೂ ಮಾಡುವುದು ಒಂದೇ ಕೆಲಸ. ಇನ್ನೂ ಜಾಸ್ತಿ ವ್ಯಾಟಿನ ಬಲ್ಬು ತಂದು ಸೂರಿಗೆ ಹಾಕುವುದು. ಕೋಣೆಯೆಲ್ಲಾ ಬೆಳಗುತ್ತದೆ, ಸೂಜಿಯ ತುದಿ ಮಾತ್ರ ಹಾಗೇ ಇರುತ್ತದೆ. ದೂರ ಅರ್ಧ ಆದರೆ ಬೆಳಕು ನಾಲ್ಕು ಪಟ್ಟು ಅಂತ ಹೈಸ್ಕೂಲಿನಲ್ಲೇ ಓದಿರುತ್ತೇವೆ. ಉದ್ದನೆಯ ದೀಪವನ್ನು ತೀರಾ ಹತ್ತಿರ ಹಿಡಿದಾಗ ಈ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಕೂರುವುದಿಲ್ಲ, ಆದರೂ ವಿಷಯ ಅದೇ. 2 ವ್ಯಾಟಿನ ಸಣ್ಣ ದೀಪ ಸೂಜಿಯಿಂದ ಒಂದಡಿ ಒಳಗೆ ಬಂದರೆ ಗೋಡೆಯ ಮೇಲಿನ 20 ವ್ಯಾಟನ್ನು ಮೀರಿಸಿ ಬಿಡುತ್ತದೆ. ಹತ್ತಿರ ಅಂದ ಮೇಲೆ ಕೈ ತಾಗುತ್ತದೆ, ಇಸ್ತ್ರಿ ಮಾಡುವಾಗ ಚಿಮುಕಿಸಿದ ನೀರು ತಾಗುತ್ತದೆ, ಕತ್ತರಿ ತಾಗುತ್ತದೆ. ಅಲ್ಲಿಗೆ 230 ವೋಲ್ಟ್ ತರುವುದು ಬೇಡ. ಅದಕ್ಕೇ 12 ವೋಲ್ಟ್.

ಮುಖ್ಯ ಸಾಮಾನು ಎಲ್‌ಇಡಿ ಸ್ಟ್ರಿಪ್. ಹಬ್ಬಕ್ಕೆ ಪೂಜೆ ಮಂಟಪಕ್ಕೆ ಅಂಟಿಸುತ್ತಾರಲ್ಲ, ಅದೇ. 5 ಮೀಟರಿನ ಸುರುಳಿ ಬರುತ್ತದೆ. ನಾನು ತೆಗೆದುಕೊಳ್ಳುವುದು 2835 ಅನ್ನುವ ಸೈಜಿನ, ಮೀಟರಿಗೆ 120 ಎಲ್‌ಇಡಿ ಇರುವ ಸ್ಟ್ರಿಪ್. 2835 ಅಂದರೆ ಒಂದೊಂದು ಎಲ್‌ಇಡಿ 2.8 ಮಿಲಿಮೀಟರ್ ಅಗಲ, 3.5 ಮಿಲಿಮೀಟರ್ ಉದ್ದ. ಇದನ್ನು ಎಲ್ಲೆಂದರಲ್ಲಿ ಕತ್ತರಿಸುವ ಹಾಗಿಲ್ಲ. ಮೂರು ಮೂರು ಎಲ್‌ಇಡಿಗೆ ಒಂದು ಗೆರೆ, ಪಕ್ಕದಲ್ಲಿ ಪುಟ್ಟ ಕತ್ತರಿಯ ಗುರುತು ಇರುತ್ತದೆ. ಯಾಕೆ ಮೂರು? ಒಂದು ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಮೂರನ್ನು ಸಾಲಾಗಿ ಹಾಕಿದರೆ 9. ಉಳಿದ 3 ವೋಲ್ಟನ್ನು ಕರೆಂಟಿಗೆ ತಡೆ ಒಡ್ಡುವ ಒಂದು ಸಣ್ಣ ರೆಸಿಸ್ಟರ್ ತಿನ್ನುತ್ತದೆ. ನನ್ನ ಸ್ಟ್ರಿಪ್ಪಿನ ರೆಸಿಸ್ಟರ್ ಮೇಲೆ 151 ಅಂತ ಬರೆದಿದೆ. ಅಂದರೆ 15ರ ಮುಂದೆ ಒಂದು ಸೊನ್ನೆ, 150 ಓಮ್. 3 ವೋಲ್ಟನ್ನು 150ರಿಂದ ಭಾಗಿಸಿ, 20 ಮಿಲಿ ಆಂಪ್. ಗೇಣುದ್ದ, ಅಂದರೆ 20 ಸೆಂಟಿಮೀಟರಿನ ತುಂಡಿನಲ್ಲಿ ಇಂಥ ಎಂಟು ಗುಂಪು. ಒಟ್ಟು 160 ಮಿಲಿ ಆಂಪ್, 2 ವ್ಯಾಟಿಗೆ ಸ್ವಲ್ಪ ಕಮ್ಮಿ. ಒಂದು ಸುರುಳಿಯಲ್ಲಿ ಇಂಥ 25 ದೀಪ ಆಗುತ್ತದೆ. ನಮ್ಮ ಬೀದಿಗೆಲ್ಲಾ ಹಂಚಬಹುದು.

ಆ ರೆಸಿಸ್ಟರ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಬ್ಯಾಟರಿಗೆ ನೇರವಾಗಿ ಹಾಕಿದ ಸ್ಟ್ರಿಪ್ ಬೇಗ ಯಾಕೆ ಮಂಕಾಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. 12 ವೋಲ್ಟಿನ ಬ್ಯಾಟರಿ ಅನ್ನುವುದು ಹೆಸರಿಗೆ ಮಾತ್ರ 12. ತುಂಬಿದಾಗ 12.7 ಇರುತ್ತದೆ, ಚಾರ್ಜ್ ಆಗುತ್ತಿರುವಾಗ 14 ದಾಟುವುದೂ ಉಂಟು. ಎಲ್‌ಇಡಿಗಳು ತಮ್ಮ 9 ಚಿಲ್ಲರೆ ವೋಲ್ಟಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ, ಮಿಕ್ಕಿದ್ದೆಲ್ಲಾ ರೆಸಿಸ್ಟರ್ ತಲೆಗೆ. ಅಲ್ಲಿ 3 ವೋಲ್ಟ್ ಇದ್ದದ್ದು ಐದರ ಹತ್ತಿರ ಹೋದರೆ ಕರೆಂಟು ಒಂದೂವರೆ ಪಟ್ಟಾಗುತ್ತದೆ. ವೋಲ್ಟೇಜ್ ಏರಿದ್ದು ಸ್ವಲ್ಪವೇ, ಬಿಸಿ ಏರಿದ್ದು ಸಿಕ್ಕಾಪಟ್ಟೆ. ಕೆಲವೇ ತಿಂಗಳಲ್ಲಿ ಎಲ್‌ಇಡಿಯ ಹಳದಿ ಲೇಪ ಕಂದು ತಿರುಗುತ್ತದೆ.

ಇದಕ್ಕೆ ಮದ್ದು ಎಲ್‌ಎಂ2596 ಚಿಪ್ ಇರುವ ಬಕ್ ಕನ್ವರ್ಟರ್ ಬೋರ್ಡು, ಅಂದರೆ ವೋಲ್ಟೇಜನ್ನು ಇಳಿಸಿ ಒಂದೇ ಸಮ ಇಡುವ ಬೋರ್ಡು. ಬೆಂಕಿಪೆಟ್ಟಿಗೆಗಿಂತ ಸಣ್ಣದು, ಐವತ್ತು ಅರವತ್ತು ರೂಪಾಯಿ ಆಸುಪಾಸು. ಅದರ ಮೇಲೆ ನೀಲಿ ಬಣ್ಣದ ಪುಟ್ಟ ಡಬ್ಬಿ, ಡಬ್ಬಿಯ ತಲೆಯಲ್ಲಿ ಹಿತ್ತಾಳೆ ಸ್ಕ್ರೂ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಆ ಸ್ಕ್ರೂ ತಿರುಗಿಸುತ್ತಾ ಹೋದರೆ ಬೇಕಾದ ವೋಲ್ಟೇಜಿಗೆ ನಿಲ್ಲಿಸಬಹುದು. ತುಂಬಾ ಸುತ್ತು ತಿರುಗಿಸಬೇಕಾಗುತ್ತದೆ, ಏನೂ ಆಗುತ್ತಿಲ್ಲ ಅಂತ ಮಧ್ಯದಲ್ಲಿ ಕೈ ಬಿಡಬೇಡಿ. ನಾನು 11ಕ್ಕೆ ಇಡುತ್ತೇನೆ. ಬೆಳಕು ಸುಮಾರು ಮೂರರಲ್ಲೊಂದು ಪಾಲು ಕಮ್ಮಿ, ಆದರೂ ಕಣ್ಣಿಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಬಾಳಿಕೆ ಮಾತ್ರ ಜಾಸ್ತಿ. ಒಳಗೆ ಬರುವ ವೋಲ್ಟೇಜ್ ಹೊರಗೆ ಹೋಗುವುದಕ್ಕಿಂತ ಒಂದು, ಒಂದೂವರೆ ವೋಲ್ಟ್ ಜಾಸ್ತಿ ಇದ್ದರೆ ಮಾತ್ರ ಈ ಬೋರ್ಡು ಸರಿಯಾಗಿ ಕೆಲಸ ಮಾಡುತ್ತದೆ, ಅದು ನೆನಪಿರಲಿ.

ಬ್ಯಾಟರಿ ಬೇಡ, ಕರೆಂಟು ಇದ್ದಾಗ ಉರಿದರೆ ಸಾಕು ಅನ್ನುವವರಿಗೆ ಇನ್ನೂ ಸುಲಭ. ಮನೆಯಲ್ಲಿ ಹಾಳಾದ ವೈಫೈ ರೂಟರಿನದೋ ಸೆಟ್‌ಟಾಪ್ ಬಾಕ್ಸಿನದೋ ಅಡಾಪ್ಟರ್ ಸುಮ್ನೆ ಬಿದ್ದಿರುತ್ತದೆ. ಹಿಂದೆ 12 ವೋಲ್ಟ್, 1 ಆಂಪ್ ಅಂತ ಬರೆದಿದ್ದರೆ ಅದರಲ್ಲೇ ನಾಲ್ಕೈದು ದೀಪ ಆರಾಮಾಗಿ ನಡೆಯುತ್ತದೆ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಅದರ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನಂಬರು ಇದೆಯಾ ಅಂತ ನೋಡಿಕೊಳ್ಳಿ. ಪಿನ್ನಿನ ಚಿತ್ರದಲ್ಲಿ ನಡುವಿನ ಚುಕ್ಕೆಗೆ ಪ್ಲಸ್ ಇರಬೇಕು. ಉಲ್ಟಾ ಕೊಟ್ಟರೆ ಸ್ಟ್ರಿಪ್ ಸುಟ್ಟೇನೂ ಹೋಗುವುದಿಲ್ಲ, ಉರಿಯುವುದಿಲ್ಲ ಅಷ್ಟೇ. ಬಕ್ ಬೋರ್ಡು ಮಾತ್ರ ಉಲ್ಟಾ ಕೊಟ್ಟರೆ ಹೊಗೆ ಬಿಡುತ್ತದೆ.

ಕೆಟ್ಟ ಎಲ್‌ಇಡಿ ಬಲ್ಬನ್ನು ಬಿಚ್ಚಿ ಅದರೊಳಗಿನ ಡ್ರೈವರ್ ಬೋರ್ಡನ್ನು ಇದಕ್ಕೆ ಬಳಸುವವರಿದ್ದಾರೆ. ದಯವಿಟ್ಟು ಬೇಡ. ಆ ಬೋರ್ಡುಗಳಲ್ಲಿ ಬಹುತೇಕ, ಮನೆಯ ಕರೆಂಟಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಮೀಟರ್ ಇಟ್ಟು ಎರಡು ತಂತಿಯ ನಡುವೆ ನೋಡಿದರೆ ಸಣ್ಣ ವೋಲ್ಟೇಜ್ ತೋರಿಸಬಹುದು, ಆದರೆ ನೆಲಕ್ಕೆ ಹೋಲಿಸಿದರೆ ಆ ತಂತಿಯಲ್ಲಿ ಮನೆಯ ಕರೆಂಟೇ ಇರುತ್ತದೆ. ಬಲ್ಬಿನೊಳಗೆ ಪ್ಲಾಸ್ಟಿಕ್ ಮುಚ್ಚಿರುವುದರಿಂದ ನಡೆಯುತ್ತದೆ. ನಮ್ಮ ದೀಪದಲ್ಲಿ ಅದು ಸ್ಟ್ರಿಪ್ ಅಂಟಿಸುವ ಅಲ್ಯೂಮಿನಿಯಂ ಪಟ್ಟಿಗೆ ತಗುಲಿಕೊಂಡು ಕೂತಿರುತ್ತದೆ.

ಅಲ್ಯೂಮಿನಿಯಂ ಯಾಕೆ ಅಂದರೆ ಬಿಸಿ ಎಳೆದುಕೊಳ್ಳಲು. ಸ್ಟ್ರಿಪ್ಪನ್ನು ಮರಕ್ಕೋ ರಟ್ಟಿಗೋ ಅಂಟಿಸಿದರೆ ಬಿಸಿ ಎಲ್ಲಿಗೂ ಹೋಗುವುದಿಲ್ಲ. ಎಲ್‌ಇಡಿಗೆಂದೇ ಮಾಡಿದ, ಬಿಳಿ ಮುಚ್ಚಳವಿರುವ ಅಲ್ಯೂಮಿನಿಯಂ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಚೆನ್ನಾಗೂ ಇರುತ್ತದೆ, ಆದರೆ ಸ್ಟ್ರಿಪ್ಪಿಗಿಂತ ಅದೇ ದುಬಾರಿ. ನಾನು ಹೋಗುವುದು ಸ್ಲೈಡಿಂಗ್ ಕಿಟಕಿ ಮಾಡುವ ಅಂಗಡಿಗೆ. ಕೊಯ್ದು ಉಳಿದ ತುಂಡುಗಳನ್ನು ಮೂಟೆಯಲ್ಲಿ ಹಾಕಿಟ್ಟಿರುತ್ತಾರೆ, ತೂಕದ ಲೆಕ್ಕಕ್ಕೆ ಕೊಡುತ್ತಾರೆ. ಇಂಗ್ಲಿಷಿನ ಯು ಆಕಾರದ ತುಂಡು ಸಿಕ್ಕಿದರೆ ಹಬ್ಬ. ಅದರ ಎರಡು ಕಿವಿಗಳು ಬೆಳಕು ನೇರ ಕಣ್ಣಿಗೆ ಹೊಡೆಯದಂತೆ ಮರೆ ಮಾಡುತ್ತವೆ.

ಬರೀ ಸ್ಟ್ರಿಪ್ ಹಾಕಿದರೆ ಒಂದು ವಿಚಿತ್ರ ಕಾಣುತ್ತದೆ. ಒಂದೇ ದಾರಕ್ಕೆ ಹತ್ತಾರು ನೆರಳು! ಒಂದೊಂದು ಎಲ್‌ಇಡಿಯೂ ತನ್ನದೇ ನೆರಳು ಬೀಳಿಸುತ್ತದೆ. ಜರಿ ಅಂಚಿನ ಮೇಲಂತೂ ಚುಕ್ಕಿ ಚುಕ್ಕಿಯಾಗಿ ಹೊಳೆದು ಕಣ್ಣು ಕೋರೈಸುತ್ತದೆ. ಇದಕ್ಕೆ ನನ್ನ ಹತ್ತಿರ ಆಗಲೇ ಮದ್ದಿತ್ತು. ಆರಿ ವರ್ಕಿನ ಡಿಸೈನ್ ತೆಗೆಯುವ ಟ್ರೇಸಿಂಗ್ ಪೇಪರ್. ಎರಡು ಪದರ ಮಾಡಿ, ಯು ಪಟ್ಟಿಯ ಕಿವಿಗಳಿಗೆ ಅಡ್ಡಲಾಗಿ ಅಂಟಿಸಿದರೆ ಚುಕ್ಕಿಗಳೆಲ್ಲಾ ಕಲೆತು ಒಂದೇ ಪಟ್ಟಿಯಾಗುತ್ತವೆ. 2 ವ್ಯಾಟಿನ ಬಿಸಿಗೆ ಪೇಪರ್ ಏನೂ ಆಗುವುದಿಲ್ಲ, ಪಟ್ಟಿ ಮುಟ್ಟಿದರೆ ಉಗುರು ಬೆಚ್ಚಗಿರುತ್ತದೆ ಅಷ್ಟೇ.

ಇನ್ನು ಬಣ್ಣ. ನನಗೆ ಇಡೀ ಕೆಲಸದಲ್ಲಿ ಮುಖ್ಯ ಅನ್ನಿಸುವುದು ಇದೇ, ಅಂಗಡಿಗಳಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದಿರುವುದೂ ಇದೇ. ಬಿಳಿ ಎಲ್‌ಇಡಿ ನಿಜವಾಗಿ ಬಿಳಿಯಲ್ಲ. ಒಳಗಿರುವುದು ನೀಲಿ ಎಲ್‌ಇಡಿ, ಮೇಲೆ ಹಳದಿ ಫಾಸ್ಫರ್ ಲೇಪ. ನೀಲಿ ಬೆಳಕಿನ ಒಂದು ಪಾಲು ಲೇಪದಲ್ಲಿ ಹಳದಿಯಾಗುತ್ತದೆ, ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಆ ನೀಲಿ ಎಲ್‌ಇಡಿಗೇ 2014ರಲ್ಲಿ ಅಕಸಾಕಿ, ಅಮಾನೊ, ನಕಮುರಾ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಆದರೆ ಅಗ್ಗದ ಎಲ್‌ಇಡಿಗಳ ಈ ಬಿಳಿಯಲ್ಲಿ ಕಡು ಕೆಂಪು ತೀರಾ ಕಮ್ಮಿ. ಕಡು ಕೆಂಪು ಬೆಳಕೇ ಬೀಳದಿದ್ದರೆ ಅರಕು ಸೀರೆ ಏನನ್ನು ವಾಪಸ್ ಕೊಡಬೇಕು? ಮಂಕು ಕಂದಾಗಿ ಕಾಣುತ್ತದೆ. ಕುಂಕುಮದ ಬಣ್ಣ, ದಾಳಿಂಬೆ, ಮೆಜಂತಾ, ಎಲ್ಲದರ ಕಥೆಯೂ ಅಷ್ಟೇ. ರಾತ್ರಿ ಮ್ಯಾಚಿಂಗ್ ಮಾಡಿದ ಕುಚ್ಚಿನ ದಾರ ಬೆಳಗ್ಗೆ ಬಿಸಿಲಲ್ಲಿ ಬೇರೆಯೇ ಬಣ್ಣ ಅನ್ನಿಸುವುದು ಇದಕ್ಕೇ. ಗಿರಾಕಿ ಮುಂದೆ ಆಗ ಏನು ಹೇಳುವುದು?

ಹಾಗಾಗಿ ಸ್ಟ್ರಿಪ್ ಕೊಳ್ಳುವಾಗ ಎರಡು ಸಂಖ್ಯೆ ಕೇಳಬೇಕು. ಒಂದು ಕೆಲ್ವಿನ್, ಬಿಳಿ ಬೆಳಕು ಹಳದಿಗೆ ಹತ್ತಿರವೋ ನೀಲಿಗೆ ಹತ್ತಿರವೋ ಅನ್ನುವುದರ ಅಳತೆ. 3000 ಅಂದರೆ ಹಳೆಯ ಬುರುಡೆ ಬಲ್ಬಿನ ಹಳದಿ, 6500 ಅಂದರೆ ನೀಲಿ ಹೊಡೆಯುವ ಬಿಳಿ, 4000 ನಡುವಿನದು. ಇನ್ನೊಂದು ಸಿಆರ್‌ಐ. ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದರ ಅಂಕ, ನೂರಕ್ಕೆ. ಮಾಮೂಲಿ ಸ್ಟ್ರಿಪ್ 80ರ ಸುತ್ತಮುತ್ತ, ಇಲ್ಲವೇ ಅದಕ್ಕೂ ಕೆಳಗೆ. 90 ದಾಟಿದ್ದು ಸಿಕ್ಕಿದರೆ ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟಾದರೂ ತೆಗೆದುಕೊಳ್ಳಿ. ನನಗೆ 4000 ಕೆಲ್ವಿನ್, 90 ಸಿಆರ್‌ಐ ಒಗ್ಗಿದೆ.

ನಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವುದೆಲ್ಲಾ 6500. ಬೇರೆ ಬೇಕಾದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯೇ ಗತಿ. ಟೌನ್ ಹಾಲ್ ಹತ್ತಿರ ಇಳಿದು ಒಳಗೆ ಹೋದರೆ ಸಾದರ್ ಪತ್ರಪ್ಪ ರಸ್ತೆ, ಎರಡೂ ಕಡೆ ಬರೀ ವೈರು, ಬೋರ್ಡು, ಲೈಟು. ಗಂಡಸರೇ ತುಂಬಿರುವ ಬೀದಿ. ಹೆಂಗಸು ಬಂದು ಸಿಆರ್‌ಐ ಎಷ್ಟು ಅಂತ ಕೇಳಿದರೆ ಕೌಂಟರಿನವರು ಮೊದಲು ನನ್ನ ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ನೋಡುತ್ತಾರೆ. ಆಮೇಲೆ ಕವರ್ ಮೇಲೆ ಅಚ್ಚಾಗಿರುವುದನ್ನು ತೋರಿಸುತ್ತಾರೆ. ಕವರನ್ನು ನಾನು ನಂಬುವುದಿಲ್ಲ. ಪರ್ಸಿನಲ್ಲಿ ಒಂದು ಅರಕು ರೇಷ್ಮೆ ತುಂಡು, ಅದರ ಜೊತೆಗೆ ಅದಕ್ಕೆ ಹತ್ತಿರದ ಕಂದು ತುಂಡು ಇಟ್ಟುಕೊಂಡಿರುತ್ತೇನೆ. ಸ್ಟ್ರಿಪ್ ಹತ್ತಿಸಿ ಅಂತ ಹೇಳಿ ಎರಡನ್ನೂ ಅದರ ಕೆಳಗೆ ಹಿಡಿಯುವುದು. ಬೇರೆ ಬೇರೆಯಾಗಿ ಕಂಡರೆ ಮಾಲು ಚೆನ್ನಾಗಿದೆ. ಬಟ್ಟೆ ಇಲ್ಲದಿದ್ದರೆ ಅಂಗೈ ಹಿಡಿದು ನೋಡಿ. ಕೆಟ್ಟ ಎಲ್‌ಇಡಿ ಕೆಳಗೆ ಅಂಗೈ ರಕ್ತ ಬತ್ತಿದ ಹಾಗೆ ಬೂದು ಕಾಣುತ್ತದೆ. ಅಂಗಡಿಯವರು ಹತ್ತಿಸಿ ತೋರಿಸಲು ಗೊಣಗಿದರೆ ಮಲ್ಟಿಮೀಟರಿನ 9 ವೋಲ್ಟಿನ ಚೌಕ ಬ್ಯಾಟರಿ ಸಾಕು. ಮಂದವಾಗಿ ಉರಿಯುತ್ತದೆ, ಯಾವ ಗುಂಪು ಸತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಬೆಸುಗೆ ಕೆಲಸ ಹೆಚ್ಚೇನಿಲ್ಲ. 25 ವ್ಯಾಟಿನ ಐರನ್, ಬೆಸುಗೆ ಚೆನ್ನಾಗಿ ಹಿಡಿಯಲು ಒಂಚೂರು ಫ್ಲಕ್ಸ್. ಸ್ಟ್ರಿಪ್ಪಿನ ತುದಿಯ ತಾಮ್ರದ ಬಿಂದುವಿಗೆ ಮೊದಲು ಸೀಸ ಹಿಡಿಸಿ, ವೈರಿಗೂ ಹಿಡಿಸಿ, ಆಮೇಲೆ ಎರಡನ್ನೂ ಕೂಡಿಸಿ ಒಂದೆರಡು ಸೆಕೆಂಡ್ ಮುಟ್ಟಿಸಿದರೆ ಮುಗಿಯಿತು. ಅಲ್ಲೇ ಒತ್ತಿ ಹಿಡಿದರೆ ಬಿಂದುವೇ ಎದ್ದು ಬರುತ್ತದೆ.

ದೀಪವನ್ನು ಎಲ್ಲಿ ಕೂರಿಸುವುದು ಅನ್ನುವುದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದೇನೆ. ನನ್ನದು ಹಳೆಯ ಕಪ್ಪು ಉಷಾ ಮಿಷನ್, ಮೈಯೆಲ್ಲಾ ಬೀಡು ಕಬ್ಬಿಣ. ಕೆಟ್ಟ ಹಾರ್ಡ್ ಡಿಸ್ಕ್ ಬಿಚ್ಚಿದರೆ ಒಳಗೆ ಎರಡು ಜೋರು ಅಯಸ್ಕಾಂತ ಇರುತ್ತವೆ. ಅದರಲ್ಲೊಂದನ್ನು ಅಲ್ಯೂಮಿನಿಯಂ ಪಟ್ಟಿಗೆ ಕಟ್ಟಿದರೆ ಸ್ಕ್ರೂ ಬೇಡ, ತೂತು ಬೇಡ, ಮಿಷನ್ನಿಗೆ ಕಚ್ಚಿಕೊಂಡು ಬಿಡುತ್ತದೆ. ಗುಂಡುಪಿನ್ನುಗಳೂ ಬಂದು ಕಚ್ಚಿಕೊಳ್ಳುತ್ತವೆ, ಅದೊಂದು ಕಾಟ. ಹತ್ತು ಸೆಂಟಿಮೀಟರಿನ ಒಂದು ತುಂಡು ಮಿಷನ್ ತೋಳಿನ ಕೆಳಗೆ, ಬಲಗಡೆಯಿಂದ ಬೆಳಕು ಕೊಡಲು. ಗೇಣುದ್ದದ್ದು ಎಡಗಡೆ, ಬಗ್ಗುವ ಕತ್ತಿನ ಮೇಲೆ. ಕತ್ತಿಗೆ ದಪ್ಪ ಅಲ್ಯೂಮಿನಿಯಂ ತಂತಿಯನ್ನು ಎರಡು ಪದರ ಹುರಿ ಮಾಡಿ, ಅದರ ಜೊತೆಗೇ ವೈರು ಸುತ್ತಿ, ಮೇಲೆ ಬಿಸಿ ತಾಗಿದರೆ ಬಿಗಿದುಕೊಳ್ಳುವ ಹೀಟ್‌ಶ್ರಿಂಕ್ ಕೊಳವೆ ಹಾಕಿದ್ದೇನೆ. ಎಲ್ಲಿಗೆ ಬಗ್ಗಿಸಿದರೆ ಅಲ್ಲೇ ನಿಲ್ಲುತ್ತದೆ. ಎರಡೂ ಕಡೆಯಿಂದ ಬೆಳಕು ಬಿದ್ದರೆ ಬಟ್ಟೆ ಒತ್ತಿ ಹಿಡಿಯುವ ಫೂಟಿನ ನೆರಳು ಸೂಜಿಯ ಮೇಲೆ ಬೀಳುವುದಿಲ್ಲ.

ಕುಚ್ಚಿಗೆ ಮಾತ್ರ ಇದು ಉಲ್ಟಾ. ಅಲ್ಲಿ ನೆರಳು ಬೇಕು. ಗಂಟು ಎಷ್ಟು ಬಿಗಿಯಾಗಿದೆ, ಮಣಿ ನೇರ ಕೂತಿದೆಯಾ ಅನ್ನುವುದು ನೆರಳಿಲ್ಲದೆ ತಿಳಿಯುವುದಿಲ್ಲ. ಎರಡೂ ದೀಪ ಹಾಕಿದರೆ ಎಲ್ಲಾ ಚಪ್ಪಟೆ. ಆಗ ಬಲಗಡೆಯದನ್ನು ಆರಿಸಿ, ಎಡಗಡೆಯದನ್ನು ಟೇಬಲ್ಲಿನ ಮಟ್ಟಕ್ಕೆ ಬಗ್ಗಿಸಿ ಅಡ್ಡಡ್ಡ ಬೆಳಕು ಬಿಡುತ್ತೇನೆ. ಒಂದೊಂದು ಎಳೆಯೂ ಎದ್ದು ಕಾಣುತ್ತದೆ.

ಡಿಮ್ಮರ್ ಹಾಕಲಾ ಅಂತ ಕೇಳುವವರಿಗೆ ನನ್ನ ಸಲಹೆ, ಮೋಟರ್ ಮಿಷನ್ ಇದ್ದರೆ ಬೇಡ. ಅಗ್ಗದ ಡಿಮ್ಮರುಗಳು ಬೆಳಕನ್ನು ಕಮ್ಮಿ ಮಾಡುವುದಿಲ್ಲ, ಸೆಕೆಂಡಿಗೆ ನೂರಾರು ಸಲ ಆರಿಸಿ ಹತ್ತಿಸುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಓಡುವ ಸೂಜಿಗೆ ಗೊತ್ತಾಗುತ್ತದೆ. ಒಂದು ಸೂಜಿ ಮೂರಾಗಿ ಕಾಣುತ್ತದೆ, ಕೆಲವು ಸ್ಪೀಡಿನಲ್ಲಿ ನಿಂತ ಹಾಗೂ ಅನ್ನಿಸುತ್ತದೆ. ಬೆರಳು ಹತ್ತಿರ ಇರುವಾಗ ಇದೇನು ಆಟವಾ? ಮೊಬೈಲ್ ಕ್ಯಾಮೆರಾ ದೀಪದ ಕಡೆ ಹಿಡಿದು ನೋಡಿ, ಕಪ್ಪು ಪಟ್ಟಿ ಓಡಿದರೆ ಬೆಳಕು ಮಿಣುಕುತ್ತಿದೆ ಅಂತಲೇ. ಬೆಳಕು ಕಮ್ಮಿ ಬೇಕಾದರೆ ಬಕ್ ಬೋರ್ಡಿನ ಸ್ಕ್ರೂ ತಿರುಗಿಸಿ 10 ವೋಲ್ಟಿಗೆ ತಂದರಾಯಿತು.

ಕರೆಂಟು ಹೋದಾಗಿನ ಏರ್ಪಾಡು ಹೀಗಿದೆ. ಹಳೆಯ ಕಂಪ್ಯೂಟರ್ ಯುಪಿಎಸ್‌ನಲ್ಲಿ ಇರುತ್ತದಲ್ಲ, 12 ವೋಲ್ಟ್, 7 ಆಂಪ್ ಅವರ್ ಬ್ಯಾಟರಿ, ಅದು ಮೇಜಿನ ಕೆಳಗೆ. ಎರಡು ದೀಪವೂ ಸೇರಿ ಕಾಲು ಆಂಪ್ ಎಳೆಯುತ್ತವೆ. ಅರ್ಧದಷ್ಟೇ ಬಳಸಿದರೂ ಹದಿಮೂರು ಹದಿನಾಲ್ಕು ಗಂಟೆಯ ಲೆಕ್ಕ. ಬ್ಯಾಟರಿಯ ಪ್ಲಸ್ಸಿಗೆ ತಾಗಿಕೊಂಡೇ 1 ಆಂಪಿನ ಫ್ಯೂಸ್ ಇದೆ. 12 ವೋಲ್ಟ್ ಮನುಷ್ಯರಿಗೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಎರಡು ವೈರು ತಾಗಿದರೆ ಆ ಬ್ಯಾಟರಿ ವೈರನ್ನು ಕೆಂಪಗೆ ಕಾಯಿಸುವಷ್ಟು ಕರೆಂಟು ಕೊಡುತ್ತದೆ. ಸುತ್ತಲೂ ಬಟ್ಟೆ ಚೂರು. ಫ್ಯೂಸ್ ಇಲ್ಲದೆ ಯಾರಿಗೂ ನಾನು ದೀಪ ಮಾಡಿಕೊಡುವುದಿಲ್ಲ.

ಶಿಡ್ಲಘಟ್ಟದಲ್ಲಿ ನಮ್ಮ ನೆಂಟರೊಬ್ಬರು ರೇಷ್ಮೆ ನೂಲು ತೆಗೆಯುತ್ತಾರೆ. ಈ ದೀಪ ನೋಡಿ ನಮಗೂ ಬೇಕು ಅಂದರು. ಅಲ್ಲಿನ ಕೆಲಸ ನೋಡಿದ ಮೇಲೆ ನನ್ನ ಹೆಮ್ಮಿಂಗ್ ಏನೂ ಅಲ್ಲ ಅನ್ನಿಸಿತು. ಕುದಿಸಿದ ಗೂಡುಗಳು ಬಿಸಿನೀರಿನ ಬೋಗುಣಿಯಲ್ಲಿ ತೇಲುತ್ತಿರುತ್ತವೆ. ಒಂದೊಂದರಿಂದಲೂ ಎಳೆಯ ತುದಿ ಹುಡುಕಿ, ಏಳೆಂಟು ಎಳೆ ಕೂಡಿಸಿ ಒಂದು ನೂಲು ಮಾಡಬೇಕು. ಕೂದಲಿಗಿಂತ ಎಷ್ಟೋ ತೆಳು ಎಳೆ. ಒಂದು ಕಡಿದರೆ ತಕ್ಷಣ ಇನ್ನೊಂದನ್ನು ಎಸೆದು ಸೇರಿಸಬೇಕು. ಕೆಲಸ ಮಾಡುವವರ ಕೈ ಇಡೀ ದಿನ ಒದ್ದೆ, ಕಾಲಡಿ ನೀರು, ಸುತ್ತ ಹಬೆ. ತಲೆಯ ಮೇಲೆ 230 ವೋಲ್ಟಿನ ಬಲ್ಬು ಬರೀ ವೈರಿನಲ್ಲಿ ತೂಗಾಡುತ್ತಿತ್ತು. ಅದನ್ನು ನೋಡಿ ನನಗೇ ಮೈ ಜುಮ್ಮೆಂದಿತು.

ಅಲ್ಲಿ ಅಡಾಪ್ಟರನ್ನು ಪಕ್ಕದ ಒಣ ಕೋಣೆಯಲ್ಲೇ ಇಟ್ಟು, ಬರೀ 12 ವೋಲ್ಟನ್ನು ಒಳಗೆ ತಂದೆವು. ಆರು ದೀಪ, ಒಟ್ಟು 1 ಆಂಪ್. ಅಡಾಪ್ಟರ್ ತುದಿಗೆ ಓಡಬಾರದು ಅಂತ 2 ಆಂಪಿನದು ಹಾಕಿದೆವು. ಹದಿನೈದು ಮೀಟರ್ ದೂರಕ್ಕೆ ಹೋಗಿ ಬರುವ ವೈರು ಮೂವತ್ತು ಮೀಟರ್. 0.75 ಚದರ ಮಿಲಿಮೀಟರಿನ ತಾಮ್ರದ ವೈರಾದರೆ ಅಷ್ಟು ಉದ್ದಕ್ಕೆ ಮುಕ್ಕಾಲು ಓಮ್ ಹತ್ತಿರ ಬರುತ್ತದೆ, ಕೊನೆಯ ದೀಪದ ಹೊತ್ತಿಗೆ ಅರ್ಧ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಖರ್ಚು. 1.5ರ ವೈರು ಎಳೆದೆವು, ಖರ್ಚು ಅರ್ಧಕ್ಕಿಳಿಯಿತು.

ಹಬೆಗೆ ಸ್ಟ್ರಿಪ್ಪಿನ ತಾಮ್ರ ಹಸಿರುಗಟ್ಟುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಳಗೆ ಪಟ್ಟಿ ತೂರಿಸಿ, ಎರಡೂ ಬಾಯಿಗೆ ಸಿಲಿಕೋನ್ ತುಂಬಿದೆವು. ಕೊಳ್ಳುವಾಗ ನ್ಯೂಟ್ರಲ್ ಅಂತ ಬರೆದ ಸಿಲಿಕೋನ್ ಕೇಳಿ. ಹುಳಿ ವಾಸನೆ ಬರುವುದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ಅದೇ ತಿಂದು ಹಾಕುತ್ತದೆ.

ದೀಪವನ್ನು ಬೋಗುಣಿಯ ಮೇಲೆ ಹಾಕಿದರೆ ನೀರಿನ ಹೊಳಪೇ ಕಣ್ಣಿಗೆ ಹೊಡೆಯಿತು. ಪಕ್ಕಕ್ಕೆ, ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಇಟ್ಟು, ನೂಲು ಮೇಲೇರುವ ಕಡೆ ಹಿಂದೆ ಕಪ್ಪು ಬಣ್ಣ ಬಳಿದ ತಗಡು ನಿಲ್ಲಿಸಿದೆವು. ಕಪ್ಪು ಹಿನ್ನೆಲೆ, ಅಡ್ಡ ಬೆಳಕು. ಎಳೆಗಳು ಒಂದೊಂದಾಗಿ ಬೆಳ್ಳಗೆ ಮಿಂಚಿದವು. ಅಲ್ಲಿ ಕೂರುವ ಹೆಂಗಸೊಬ್ಬರು ದೀಪಕ್ಕಿಂತ ತಗಡನ್ನೇ ಜಾಸ್ತಿ ಮೆಚ್ಚಿದರು. ನನ್ನ ಪ್ರಕಾರ ಅವರು ಹೇಳಿದ್ದು ಸರಿ.

ಖರ್ಚು ಕೇಳುವವರಿಗೆ: ಅಡಾಪ್ಟರ್ ಮನೆಯಲ್ಲೇ ಇದ್ದರೆ ಒಂದು ದೀಪಕ್ಕೆ ನೂರು, ನೂರೈವತ್ತು ರೂಪಾಯಿ ಒಳಗೇ ಮುಗಿಯುತ್ತದೆ. ಬ್ಯಾಟರಿ ಹೊಸದು ತಂದರೆ ಲೆಕ್ಕ ಬೇರೆ. ಪಕ್ಕದ ಬೀದಿಯ ಟೈಲರ್ ಆಂಟಿಗೂ ಒಂದು ಮಾಡಿಕೊಟ್ಟೆ. 4000 ಕೆಲ್ವಿನ್ ಅವರಿಗೆ ಹಿಡಿಸಲಿಲ್ಲ, ಡಲ್ಲಾಗಿದೆ, ಬೆಳ್ಳಗಿರುವುದೇ ಹಾಕು ಅಂದರು. 6500ರದ್ದು ಹಾಕಿಕೊಟ್ಟೆ. ಈಗ ದಾರ ಮ್ಯಾಚಿಂಗ್ ಮಾಡಬೇಕಾದಾಗ ಮಾತ್ರ ಸೀರೆ ಹಿಡಿದುಕೊಂಡು ನಮ್ಮನೆಗೆ ಬರುತ್ತಾರೆ.